ಲಾಂಗ್-ಈಝೀ ವಿಮಾನದ ಕ್ಯಾನಪಿ ಚೌಕಟ್ಟನ್ನು ಗಟ್ಟಿಗೊಳಿಸುವುದು ಹೇಗೆ?

ಪ್ರಶ್ನೆ (ವಿಮಾನದ ಮಾಲೀಕ, ಅರಿಜೋನಾ)

ಎಲ್ಲರಿಗೂ ನಮಸ್ಕಾರ. ಬರ್ಟ್ ರುಟಾನ್ ಅವರು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ರೂಪಿಸಿದ, 1979ರಲ್ಲಿ ಮೊದಲು ಹಾರಿದ ಲಾಂಗ್-ಈಝೀ ವಿಮಾನದ ನಕ್ಷೆಗಳನ್ನು ಕೊಂಡು, ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಂಡವರು ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಅಂಥ ಹಿರಿಯರೊಬ್ಬರು 1980ರ ದಶಕದಲ್ಲಿ ಕಟ್ಟಿದ ವಿಮಾನ ಈಗ ನನ್ನ ಬಳಿ ಇದೆ. ಈ ವಿನ್ಯಾಸ ಗೊತ್ತಿಲ್ಲದವರಿಗಾಗಿ ಎರಡು ಮಾತು: ಇದರ ಮುಂಭಾಗದಲ್ಲಿ ಕನಾರ್ಡ್ ಎಂಬ ಪುಟ್ಟ ರೆಕ್ಕೆ ಇದೆ, ಎಂಜಿನ್ ಮತ್ತು ಪ್ರೊಪೆಲ್ಲರ್ ಹಿಂಭಾಗದಲ್ಲಿವೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಆಸನಗಳನ್ನು ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಒಂದೇ ಉದ್ದನೆಯ ಗುಮ್ಮಟ ಮುಚ್ಚುತ್ತದೆ. ಈ ಗುಮ್ಮಟವೂ ಅದರ ಚೌಕಟ್ಟೂ ಸೇರಿದ ಮುಚ್ಚಳವೇ ಕ್ಯಾನಪಿ. ಇಡೀ ಒಡಲನ್ನು ಅಚ್ಚಿನ ನೆರವಿಲ್ಲದೆ, ಫೋಮ್ ಕೆತ್ತಿ, ಅದರ ಮೇಲೆ ಗಾಜಿನ ಎಳೆಯ ಬಟ್ಟೆಯನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ತೋಯಿಸಿ ಹಾಸಿ ಮಾಡಲಾಗಿದೆ. ಕ್ಯಾನಪಿಯ ಬಲ ಅಂಚಿನಲ್ಲಿ ಹಿಂಜ್ ಇದೆ, ಎಡ ಅಂಚಿನಲ್ಲಿ ಒಂದೇ ಹಿಡಿಯಿಂದ ಚಲಿಸುವ ಮೂರು ಕೊಂಡಿಗಳಿವೆ.

ನನ್ನ ತೊಂದರೆ ಹೀಗಿದೆ. ವೇಗ 140 ನಾಟ್ (ಗಂಟೆಗೆ ಸುಮಾರು 260 ಕಿ.ಮೀ.) ದಾಟುತ್ತಿದ್ದಂತೆ ಮುಂದಿನ ಕೊಂಡಿಗೂ ನಡುವಿನ ಕೊಂಡಿಗೂ ಮಧ್ಯೆ ಚೌಕಟ್ಟಿನ ಅಂಚು ಎರಡು ಮೂರು ಮಿ.ಮೀ. ಮೇಲೇಳುತ್ತದೆ, ಸಿಳ್ಳಿನಂಥ ಸದ್ದು ಶುರುವಾಗುತ್ತದೆ, ಆ ಸಂದಿನಲ್ಲಿ ಬೆಳಕು ಕಾಣಿಸುತ್ತದೆ. ನೆಲದ ಮೇಲೆ ಕ್ಯಾನಪಿಯ ಮುಂದಿನ ಮೂಲೆಯನ್ನು ಹಿಡಿದು ಎತ್ತಿದರೆ ಹಿಂದಿನ ಮೂಲೆ ತಡವಾಗಿ ಮೇಲೆ ಬರುತ್ತದೆ. ಅಂದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ. ಹಿಂದಿನ ಎಡ ಮೂಲೆಯಲ್ಲಿ, ಅಕ್ರಿಲಿಕ್ ಚೌಕಟ್ಟಿಗೆ ಅಂಟಿಕೊಂಡಿರುವ ಗೆರೆಯ ಹತ್ತಿರ, ಸೂರ್ಯನ ಬೆಳಕನ್ನು ಓರೆಯಾಗಿ ಹಿಡಿದು ನೋಡಿದಾಗ ಮಾತ್ರ ಮಿನುಗುವ ಕೂದಲೆಳೆಯಂಥ ಗೆರೆಗಳೂ ಕಾಣಿಸಿಕೊಂಡಿವೆ.

ಚೌಕಟ್ಟಿನ ಒಳಮೈಗೆ ಉದ್ದಕ್ಕೂ ಎರಡು ಪದರ ಕಾರ್ಬನ್ ಎಳೆಯ ಪಟ್ಟಿ ಹಾಸಿದರೆ ಸಾಕೆಂದು ಒಬ್ಬ ಗೆಳೆಯರು ಹೇಳಿದ್ದಾರೆ. ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಕಾರ್ಬನ್ ಇಲ್ಲಿ ಸರಿಯಾದ ವಸ್ತುವೇ, ಪದರಗಳನ್ನು ಒಳಗೆ ಹಾಸಬೇಕೇ ಹೊರಗೆ ಹಾಸಬೇಕೇ, ಎಪಾಕ್ಸಿ ಗಟ್ಟಿಯಾಗುವಾಗ ಈಗಿರುವ ಅಲ್ಪಸ್ವಲ್ಪ ತಿರುಚು ಶಾಶ್ವತವಾಗಿ ಉಳಿಯದಂತೆ ನೋಡಿಕೊಳ್ಳುವುದು ಹೇಗೆ, ಅಕ್ರಿಲಿಕ್‌ನ ಗೆರೆಗಳಿಗೂ ಚೌಕಟ್ಟಿನ ಸಡಿಲತೆಗೂ ಸಂಬಂಧವಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಈ ವಿಮಾನದಲ್ಲಿ ಕ್ಯಾನಪಿ ಕಿತ್ತುಹೋದರೆ ಅದು ಹೋಗಿ ಬಡಿಯುವುದು ಹಿಂದೆ ತಿರುಗುತ್ತಿರುವ ಪ್ರೊಪೆಲ್ಲರಿಗೆ. ಆದ್ದರಿಂದ ಉತ್ತರ ಸಿಗುವವರೆಗೆ ಹಾರಾಟ ನಿಲ್ಲಿಸಿದ್ದೇನೆ.


ಉತ್ತರ 1 (ಕಾಂಪೋಸಿಟ್ ರಚನೆಗಳ ಎಂಜಿನಿಯರ್, ಬೆಂಗಳೂರು)

ನಮಸ್ಕಾರ. ಹಾರಾಟ ನಿಲ್ಲಿಸಿರುವುದು ಸರಿಯಾದ ನಿರ್ಧಾರ. ನಿಮ್ಮ ವಿಮಾನದ ವಿನ್ಯಾಸ ನಮ್ಮ ಊರಿಗೂ ಹೊಸದಲ್ಲ: ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್ ಇದೇ ಲಾಂಗ್-ಈಝೀ ವಿನ್ಯಾಸವನ್ನು ಎಲ್‌ಸಿಆರ್‌ಎ ಎಂಬ ಹೆಸರಿನಲ್ಲಿ ಕಟ್ಟಿ 1987ರಲ್ಲಿ ಹಾರಿಸಿತು, ಅದೇ ಸಂಸ್ಥೆಯ, ಪೂರ್ತಿ ಕಾಂಪೋಸಿಟ್‌ನಲ್ಲಿ (ಎಳೆ ಮತ್ತು ಅಂಟು ಸೇರಿದ ವಸ್ತುವಿನಲ್ಲಿ) ಮಾಡಿದ ಹಂಸ ತರಬೇತಿ ವಿಮಾನ 1993ರಲ್ಲಿ ಹಾರಿತು. ಹಾಗಾಗಿ ಈ ಬಗೆಯ ಕೈಹಾಸಿನ ಕೆಲಸವನ್ನು ಹತ್ತಿರದಿಂದ ಬಲ್ಲವರು ಈ ಊರಿನಲ್ಲಿ ಸಾಕಷ್ಟು ಜನ ಇದ್ದಾರೆ.

ಮೊದಲು ಕ್ಯಾನಪಿಯ ಮೇಲೆ ಬೀಳುವ ಬಲದ ಅಂದಾಜು ಮಾಡೋಣ. ಸಮುದ್ರಮಟ್ಟದ ಗಾಳಿಯಲ್ಲಿ 160 ನಾಟ್ ವೇಗಕ್ಕೆ ಗಾಳಿಯ ಚಲನ ಒತ್ತಡ ಸುಮಾರು 4.1 ಕಿಲೊಪ್ಯಾಸ್ಕಲ್ ಆಗುತ್ತದೆ. ಗುಮ್ಮಟದ ಬೆನ್ನಿನ ಮೇಲೆ ಗಾಳಿ ವೇಗವಾಗಿ ಹರಿಯುವುದರಿಂದ ಅಲ್ಲಿ ಹೀರುವಿಕೆ ಉಂಟಾಗುತ್ತದೆ. ಅದರ ಸರಾಸರಿಯನ್ನು ಈ ಒತ್ತಡದ ಅರ್ಧವೆಂದೂ, ಮೇಲಿನಿಂದ ಕಂಡಂತೆ ಕ್ಯಾನಪಿಯ ವಿಸ್ತಾರವನ್ನು 0.9 ಚದರ ಮೀಟರ್ ಎಂದೂ ಇಟ್ಟುಕೊಂಡರೆ, ಕ್ಯಾನಪಿಯನ್ನು ಮೇಲಕ್ಕೆಳೆಯುವ ಬಲ ಸುಮಾರು 190 ಕೆ.ಜಿ. ತೂಕಕ್ಕೆ ಸಮ. ಅರ್ಧ ಹೊರೆಯನ್ನು ಹಿಂಜ್ ಹೊತ್ತರೆ ಉಳಿದರ್ಧ ನಿಮ್ಮ ಮೂರು ಕೊಂಡಿಗಳ ಪಾಲಿಗೆ ಬರುತ್ತದೆ. ಗಾಜಿನ ಎಳೆಯ ಚೌಕಟ್ಟಿನ ತ್ರಾಣಕ್ಕೆ ಇದು ದೊಡ್ಡ ಹೊರೆಯಲ್ಲ, ಅದು ಮುರಿಯುವುದಿಲ್ಲ. ಆದರೆ ಮುರಿಯದಿರುವುದು ಬೇರೆ, ಬಾಗದಿರುವುದು ಬೇರೆ. ನಿಮಗೆ ಕೊರತೆಯಾಗಿರುವುದು ಬಿಗಿತ, ಅದರಲ್ಲೂ ತಿರುಚನ್ನು ತಡೆಯುವ ಬಿಗಿತ.

ತಿರುಚಿನ ಬಿಗಿತವನ್ನು ನಿರ್ಧರಿಸುವ ಮುಖ್ಯ ಅಂಶ ಪದರಗಳ ಎಣಿಕೆಯಲ್ಲ, ಚೌಕಟ್ಟಿನ ಅಡ್ಡಕೊಯ್ತ ಎಲ್ಲ ಕಡೆಯಿಂದಲೂ ಮುಚ್ಚಿಕೊಂಡಿದೆಯೇ ಎಂಬುದು. ಮುಚ್ಚಳ ಅಂಟಿಸಿದ ರಟ್ಟಿನ ಡಬ್ಬಿಯನ್ನು ಕೈಯಲ್ಲಿ ಹಿಂಡಿ ತಿರುಚುವುದು ಕಷ್ಟ; ಮುಚ್ಚಳ ಕಿತ್ತ ಕೂಡಲೇ ಅದೇ ಡಬ್ಬಿ ಸಲೀಸಾಗಿ ತಿರುಚಿಕೊಳ್ಳುತ್ತದೆ. ಲೆಕ್ಕ ಮಾಡಿ ನೋಡಿದರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ. 40 ಮಿ.ಮೀ. ಎತ್ತರ, 25 ಮಿ.ಮೀ. ಅಗಲ, 1 ಮಿ.ಮೀ. ಗೋಡೆಯ ಟೊಳ್ಳು ಪೆಟ್ಟಿಗೆ ಪೂರ್ತಿ ಮುಚ್ಚಿದ್ದರೆ ಅದರ ತಿರುಚು ಸ್ಥಿರಾಂಕ, ಅಂದರೆ ಆ ಆಕಾರ ತಿರುಚನ್ನು ಎಷ್ಟು ತಡೆಯುತ್ತದೆಂಬ ಅಳತೆ, ಸುಮಾರು 30,800 (ಮಿ.ಮೀ.⁴ ಮಾನದಲ್ಲಿ). ಅದೇ ಪೆಟ್ಟಿಗೆಯ ಒಂದು ಮೂಲೆಯನ್ನು ಉದ್ದಕ್ಕೂ ಸೀಳಿದರೆ ಆ ಸಂಖ್ಯೆ ಬರೀ 43ಕ್ಕೆ ಇಳಿಯುತ್ತದೆ. ಒಳಗೆ ಫೋಮ್ ತುಂಬಿರುವುದರಿಂದ ನಿಮ್ಮ ಚೌಕಟ್ಟಿನಲ್ಲಿ ವ್ಯತ್ಯಾಸ ಏಳುನೂರು ಪಟ್ಟು ಇರಲಾರದು, ಫೋಮ್ ಒಂದಿಷ್ಟು ಕತ್ತರಿ ಬಲವನ್ನು (ಪದರಗಳನ್ನು ಒಂದರ ಮೇಲೊಂದು ಜಾರಿಸುವ ಬಲವನ್ನು) ದಾಟಿಸುತ್ತದೆ. ಆದರೂ ದಿಕ್ಕು ಅದೇ. ಎಲ್ಲೋ ಒಂದು ಕಡೆ ಒಳಚರ್ಮ ಮತ್ತು ಹೊರಚರ್ಮಗಳ (ಫೋಮಿನ ಒಳಬದಿಯ ಮತ್ತು ಹೊರಬದಿಯ ಗಾಜಿನ ಪದರಗಳ) ಕೂಡಿಕೆ ತಪ್ಪಿದ್ದರೆ ಎಷ್ಟು ಪದರ ಕಾರ್ಬನ್ ಹಾಸಿದರೂ ಫಲ ಅಲ್ಪ.

ಆದ್ದರಿಂದ ಏನನ್ನೂ ಹಾಸುವ ಮೊದಲು ಅಳತೆ ಮಾಡಿ. ಕ್ಯಾನಪಿ ಮುಚ್ಚಿ ಕೊಂಡಿ ಹಾಕಿ. ಎರಡು ಕೊಂಡಿಗಳ ನಡುವಿನ ಬಿಂದುವಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ 10 ಕೆ.ಜಿ. ಬಲದಿಂದ ಮೇಲಕ್ಕೆಳೆದು, ಅಂಚು ಎಷ್ಟು ಎದ್ದಿತೆಂದು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ಅಳೆಯಿರಿ. ಪ್ರತಿ ಕೊಂಡಿಯ ಕೆಳಗೆ ಕಾಗದದ ಪಟ್ಟಿ ಇಟ್ಟು ಹಿಡಿ ಎಳೆದು, ಆ ಕಾಗದವನ್ನು ಜಗ್ಗಿ ನೋಡಿ; ಮೂರೂ ಒಂದೇ ಬಿಗಿಯಲ್ಲಿ ಹಿಡಿದಿರಬೇಕು. ಬಳಿಕ ರಬ್ಬರ್ ಸೀಲನ್ನು ತೆಗೆದು ಅದೇ ಅಳತೆಯನ್ನು ಮತ್ತೆ ಮಾಡಿ. ತೀರಾ ದಪ್ಪನೆಯ ಸೀಲ್ ಹಾಕಿದ ವಿಮಾನಗಳಲ್ಲಿ, ಗಾಳಿ ಎಳೆಯುವ ಮೊದಲೇ ಆ ಸೀಲೇ ಅಂಚನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕೊನೆಗೆ ಕ್ಯಾನಪಿ ತೆರೆದು ಮುಂದಿನ ಮೂಲೆಯನ್ನು ಮಾತ್ರ 5 ಕೆ.ಜಿ. ಬಲದಿಂದ ಎತ್ತಿ, ಹಿಂದಿನ ಮೂಲೆ ಎಷ್ಟು ಹಿಂದುಳಿಯಿತೆಂದು ಬರೆದಿಡಿ. ಚೌಕಟ್ಟಿನ ಒಳಮೈಯ ಬಣ್ಣವನ್ನು ಒಂದು ಗೇಣು ಉದ್ದ ಉಜ್ಜಿ ತೆಗೆದು, ಒಳಚರ್ಮದ ಗಾಜಿನ ಪದರ ಕೆಳಗಿನ ಚಾಚುಪಟ್ಟಿಯವರೆಗೆ (ಚೌಕಟ್ಟಿನ ಅಡಿಯಲ್ಲಿ ಚಾಚಿದ ಅಂಚಿನವರೆಗೆ) ಬಂದು ಅದರ ಮೇಲೆ ಕೂತಿದೆಯೇ ಎಂದು ನೋಡುವುದನ್ನು ಮರೆಯಬೇಡಿ. ನನ್ನ ಅನುಮಾನವೆಲ್ಲ ಅಲ್ಲಿಯೇ ಇದೆ.

ಕಾರ್ಬನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಇಲ್ಲಿ ಬೇಡ. ಗಾಜಿನ ಎಳೆಯ ಸ್ಥಿತಿಸ್ಥಾಪಕ ಗುಣಾಂಕ (ಗಡುಸುತನದ ಅಳತೆ) ಸುಮಾರು 72 ಗಿಗಾಪ್ಯಾಸ್ಕಲ್, ಸಾಮಾನ್ಯ ಕಾರ್ಬನ್ ಎಳೆಯದು ಸುಮಾರು 230. ಎರಡನ್ನೂ ಒಟ್ಟಿಗೆ ಹಾಸಿದಾಗ ಗಡುಸಾದ ಕಾರ್ಬನ್ ಹೆಚ್ಚಿನ ಹೊರೆಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಆದರೆ ಅದು ಎರಡು ಪ್ರತಿಶತಕ್ಕಿಂತ ಕಡಿಮೆ ಹಿಗ್ಗುವಷ್ಟರಲ್ಲೇ ಮುರಿಯುತ್ತದೆ, ಗಾಜು ನಾಲ್ಕು ಪ್ರತಿಶತ ದಾಟಿದರೂ ತಾಳುತ್ತದೆ. ಪಟ್ಟಿ ಮುಗಿಯುವ ಕಡೆ ಬಿಗಿತ ಥಟ್ಟನೆ ಇಳಿಯುವುದರಿಂದ ಒತ್ತಡವೆಲ್ಲ ಅಲ್ಲಿ ಕೂಡಿಕೊಳ್ಳುತ್ತದೆ. ಮೇಲಾಗಿ ನಿಮ್ಮ ಹಿಂಜ್ ಅಲ್ಯೂಮಿನಿಯಂನದು; ಕಾರ್ಬನ್ ಅದಕ್ಕೆ ನೇರವಾಗಿ ತಗುಲಿದರೆ ತೇವದಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಗಾಜಿನ ಎಳೆಯಿಂದ ಈ ಯಾವ ಕಾಟವೂ ಇಲ್ಲ.


ಉತ್ತರ 2 (ಗ್ಲೈಡರ್ ದುರಸ್ತಿ ಕೆಲಸಗಾರ, ಇಂಗ್ಲೆಂಡ್)

ಚೌಕಟ್ಟಿನ ವಿಷಯವನ್ನು ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ. ನಾನು ಅಕ್ರಿಲಿಕ್ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಚೌಕಟ್ಟನ್ನು ಸರಿಪಡಿಸುವ ಉತ್ಸಾಹದಲ್ಲಿ ಗುಮ್ಮಟವನ್ನು ಹಾಳುಮಾಡಿಕೊಂಡ ಪ್ರಕರಣಗಳು ನಮ್ಮ ಕಾರ್ಯಾಗಾರಕ್ಕೆ ಆಗಾಗ ಬರುತ್ತವೆ.

ನೀವು ಕಂಡಿರುವ ಮಿನುಗುವ ಗೆರೆಗಳಿಗೆ ನಾವು ಕ್ರೇಜಿಂಗ್ ಎನ್ನುತ್ತೇವೆ. ಅಕ್ರಿಲಿಕ್ ಬಹುಕಾಲ ಎಳೆತದಲ್ಲಿದ್ದರೆ, ಅಥವಾ ಎಳೆತದಲ್ಲಿರುವಾಗ ದ್ರಾವಕದ ಆವಿ ತಗುಲಿದರೆ, ಮೇಲ್ಮೈಯಲ್ಲಿ ಇಂಥ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ. ಅಕ್ರಿಲಿಕ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಗಾಜಿನ ಎಳೆಯ ಚೌಕಟ್ಟು ಅದರ ಐದರಲ್ಲೊಂದು ಪಾಲಿನಷ್ಟು ಮಾತ್ರ. ಒಂದೂವರೆ ಮೀಟರ್ ಉದ್ದದ ಗುಮ್ಮಟವನ್ನು ಹಿತವಾದ ಬಿಸಿಯಲ್ಲಿ ಅಂಟಿಸಿ, ಅದಕ್ಕಿಂತ 40 ಡಿಗ್ರಿ ತಂಪಾದ ಎತ್ತರದ ಗಾಳಿಗೆ ಕೊಂಡೊಯ್ದರೆ, ಎರಡರ ಕುಗ್ಗುವಿಕೆಯ ನಡುವೆ 3 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಚೌಕಟ್ಟು ಜಗ್ಗದಿದ್ದರೆ ಅಕ್ರಿಲಿಕ್‌ನಲ್ಲಿ ಹುಟ್ಟುವ ಎಳೆತ ಸುಮಾರು 7 ಮೆಗಾಪ್ಯಾಸ್ಕಲ್. ಬಹುಕಾಲ ನಿಲ್ಲುವ ಎಳೆತ 10 ಮೆಗಾಪ್ಯಾಸ್ಕಲ್ ಮೀರಬಾರದು ಎಂಬುದು ಅಕ್ರಿಲಿಕ್ ಕೆಲಸದವರು ಸಾಮಾನ್ಯವಾಗಿ ಪಾಲಿಸುವ ಮಿತಿ. ಅಂದರೆ ಮಿತಿಯ ಮೂರರಲ್ಲಿ ಎರಡು ಪಾಲು ಚಳಿಯೊಂದರಿಂದಲೇ ಮುಗಿದುಹೋಗುತ್ತದೆ. ಅದರ ಮೇಲೆ ಚೌಕಟ್ಟಿನ ತಿರುಚು ಸೇರಿದರೆ ಮೂಲೆಯಲ್ಲಿ ಗೆರೆ ಮೂಡುವುದು ಸಹಜ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಹೌದು, ಎರಡಕ್ಕೂ ಸಂಬಂಧವಿದೆ. ಕಾರ್ಬನ್ ಬೇಡವೆನ್ನುವುದಕ್ಕೂ ಇದು ಇನ್ನೊಂದು ಕಾರಣ, ಏಕೆಂದರೆ ಕಾರ್ಬನ್ ಶಾಖಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅದನ್ನು ಹಾಸಿದರೆ ಅಂತರ ಇನ್ನೂ ಹೆಚ್ಚುತ್ತದೆ.

ಅರಿಜೋನಾದ ಬೇಸಿಗೆಯಲ್ಲಿ, ಹ್ಯಾಂಗರ್ 45 ಡಿಗ್ರಿ ಇರುವಾಗ, ಅಕ್ರಿಲಿಕ್‌ಗೆ ಸಂಬಂಧಿಸಿದ ಯಾವ ಅಂಟಿನ ಕೆಲಸವನ್ನೂ ಮಾಡಬೇಡಿ. ಹಿಗ್ಗಿದ ಸ್ಥಿತಿಯಲ್ಲಿ ಅಂಟಿಸಿದ ಗುಮ್ಮಟ ವರ್ಷವಿಡೀ ಎಳೆತದಲ್ಲೇ ಉಳಿಯುತ್ತದೆ.

ದ್ರಾವಕದ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಗಾಜಿನ ಹಾಸಿನ ಕೆಲಸದವರಿಗೆ ಕೈಗೆ ಮೊದಲು ಸಿಗುವುದು ಅಸಿಟೋನ್ ಡಬ್ಬಿ. ಅದನ್ನೂ ಥಿನ್ನರನ್ನೂ ಕ್ಯಾನಪಿಯ ಹತ್ತಿರಕ್ಕೂ ತರಬೇಡಿ, ಕುಂಚ ತೊಳೆಯುವುದಿದ್ದರೂ ಹೊರಗೆ ಹೋಗಿ ತೊಳೆಯಿರಿ. ಗಾಜಿನ ಮೈಯನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ ಧೂಳನ್ನು ವ್ಯಾಕ್ಯೂಮ್‌ನಿಂದ ಹೀರಿದರೆ ಸಾಕು, ದ್ರಾವಕದಿಂದ ಒರೆಸುವ ಅಗತ್ಯವಿಲ್ಲ. ಗುಮ್ಮಟವನ್ನು ಒಳಗೂ ಹೊರಗೂ ಮೆತ್ತನೆಯ ಬಟ್ಟೆ ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅಂಚಿಗೆ ಮಾತ್ರ ಟೇಪ್ ಹಚ್ಚಿ, ಆ ಟೇಪನ್ನು ಅದೇ ವಾರ ತೆಗೆಯಿರಿ. ಬಿಸಿಲಿಗೆ ಬಿಟ್ಟ ಟೇಪಿನ ಅಂಟು ಅಕ್ರಿಲಿಕ್‌ಗೆ ಹತ್ತಿಕೊಳ್ಳುತ್ತದೆ, ಅದನ್ನು ಬಿಡಿಸಲು ಜನ ಮತ್ತೆ ದ್ರಾವಕಕ್ಕೇ ಕೈಹಾಕುತ್ತಾರೆ. ತೊಳೆಯಲು ಸೌಮ್ಯ ಸೋಪಿನ ನೀರು ಸಾಕು. ಅಮೋನಿಯಾ ಇರುವ ಕಿಟಕಿ ಕ್ಲೀನರ್ ಬೇಡವೇ ಬೇಡ.

ಈಗಿರುವ ಗೆರೆಗಳು ಮೇಲ್ಮೈಯಲ್ಲಷ್ಟೇ ಇದ್ದರೆ ಹಂತಹಂತವಾಗಿ ನಯವಾದ ಉಪ್ಪುಕಾಗದಗಳಿಂದ ಉಜ್ಜಿ ಪಾಲಿಶ್ ಮಾಡಬಹುದು. ಉಗುರಿಗೆ ತಡೆಯುವಷ್ಟು ಆಳದ ಬಿರುಕಾಗಿದ್ದರೆ ಪಾಲಿಶ್ ಸಾಲದು, ಅದನ್ನು ಅನುಭವಿಗಳಿಗೆ ತೋರಿಸಿ. ಅಕ್ರಿಲಿಕ್‌ಗೆ ರಂಧ್ರ ಕೊರೆದು ಬೋಲ್ಟ್ ಹಾಕುವ ಯೋಚನೆಯನ್ನಂತೂ ದಯವಿಟ್ಟು ಮಾಡಬೇಡಿ. ಲೋಹಕ್ಕೆ ಬಳಸುವ ಸಾಮಾನ್ಯ ಡ್ರಿಲ್ ಬಿಟ್ ಅಕ್ರಿಲಿಕ್ ಅನ್ನು ಕಚ್ಚಿ ಸೀಳುತ್ತದೆ, ಮೂಲ ವಿನ್ಯಾಸದಲ್ಲಿ ಅಂಥ ರಂಧ್ರಗಳ ಅಗತ್ಯವೂ ಇಲ್ಲ.


ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದಂತೆಯೇ ಅಳತೆ ಮಾಡಿದೆ. ಮುಂದಿನ ಮತ್ತು ನಡುವಿನ ಕೊಂಡಿಗಳ ಮಧ್ಯೆ 10 ಕೆ.ಜಿ. ಎಳೆತಕ್ಕೆ ಅಂಚು 2.5 ಮಿ.ಮೀ. ಎದ್ದಿತು. ಸೀಲ್ ತೆಗೆದ ಮೇಲೆ ಅದು 1.6 ಮಿ.ಮೀ.ಗೆ ಇಳಿಯಿತು. ನಡುವಿನ ಕೊಂಡಿಯ ಕೆಳಗಿಟ್ಟ ಕಾಗದ ತಡೆಯೇ ಇಲ್ಲದೆ ಹೊರಬಂತು, ಅಂದರೆ ಆ ಕೊಂಡಿ ಇಷ್ಟು ಕಾಲ ಹೆಸರಿಗಷ್ಟೇ ಇತ್ತು. ತಿರುಚಿನ ಪರೀಕ್ಷೆಯಲ್ಲಿ ಹಿಂದಿನ ಮೂಲೆ 18 ಮಿ.ಮೀ. ಹಿಂದುಳಿಯಿತು.

ಒಳಮೈಯ ಬಣ್ಣ ಉಜ್ಜಿದಾಗ ಮುಖ್ಯ ಸಂಗತಿ ಕಾಣಿಸಿತು. ಒಳಚರ್ಮದ ಗಾಜಿನ ಪದರ ಕೆಳಗಿನ ಚಾಚುಪಟ್ಟಿಗಿಂತ ಸುಮಾರು 12 ಮಿ.ಮೀ. ಮೇಲೆಯೇ ನಿಂತುಬಿಟ್ಟಿದೆ. ನಡುವಿನ ಜಾಗದಲ್ಲಿ ಮೈಕ್ರೋ ಎಂಬ ಹಗುರ ಮಿಶ್ರಣ ತುಂಬಿ, ನಯಗೊಳಿಸಿ, ಬಣ್ಣ ಬಳಿಯಲಾಗಿದೆ. ಆ ಮೈಕ್ರೋದ ಉದ್ದಕ್ಕೂ ಒಂದು ತೆಳು ಬಿರುಕು ಹರಿದಿದೆ. ಇನ್ನೂ ಎರಡು ಕಡೆ ಉಜ್ಜಿ ನೋಡಿದೆ, ಎಡಬದಿಯಲ್ಲಿ ಎಲ್ಲೆಡೆ ಇದೇ ಸ್ಥಿತಿ. ಬಲಬದಿಯಲ್ಲಿ ಹಿಂಜ್ ಇರುವ ಕಡೆ ಮಾತ್ರ ಪದರ ಚಾಚುಪಟ್ಟಿಯ ಮೇಲೆ ಸರಿಯಾಗಿ ಕೂತಿದೆ. ಇದನ್ನು ಮುಚ್ಚುವ ಕ್ರಮವನ್ನು ದಯವಿಟ್ಟು ವಿವರವಾಗಿ ತಿಳಿಸಿ.


ಉತ್ತರ 1ರವರಿಂದ ಮತ್ತೆ

ನೀವು ಕಂಡದ್ದು ಮುಚ್ಚಳವಿಲ್ಲದ ಡಬ್ಬಿಯನ್ನೇ. ಮೈಕ್ರೋ ಎಂದರೆ ಎಪಾಕ್ಸಿಯಲ್ಲಿ ಟೊಳ್ಳು ಗಾಜಿನ ಹುಡಿ ಕಲಸಿದ ತುಂಬುವ ಮಿಶ್ರಣ. ಅದು ಹಗುರ, ಉಜ್ಜಲು ಸುಲಭ, ಆದರೆ ಎಳೆತವನ್ನೂ ಕತ್ತರಿ ಬಲವನ್ನೂ ತಾಳುವುದಿಲ್ಲ. ಬಲ ದಾಟಬೇಕಾದ ಮೂಲೆಗೆ ಹತ್ತಿಯ ಎಳೆ ಕಲಸಿದ ಫ್ಲಾಕ್ಸ್ ಬೇಕು, ಅದರ ಮೇಲೆ ಕಡಿಯದೆ ಹಾಯುವ ಗಾಜಿನ ಬಟ್ಟೆ ಬೇಕು.

ಮೊದಲು ಕೊಂಡಿಗಳನ್ನು ಸರಿಪಡಿಸಿ, ಚೌಕಟ್ಟನ್ನು ಆಮೇಲೆ ಮುಟ್ಟಿ. ಈ ಕ್ರಮಕ್ಕೆ ಕಾರಣವಿದೆ: ಹೊಸ ಪದರ ಗಟ್ಟಿಯಾಗುವಾಗ ಚೌಕಟ್ಟಿನ ಆಕಾರವನ್ನು ಹಿಡಿದಿಡುವುದು ಇವೇ ಕೊಂಡಿಗಳು, ನಡುವಿನದು ಸಡಿಲವಾಗಿಯೇ ಇದ್ದರೆ ಅಂಚಿನ ಉಬ್ಬು ಹೊಸ ಗಾಜಿನಲ್ಲಿ ಅಚ್ಚೊತ್ತಿದಂತೆ ಉಳಿದುಬಿಡುತ್ತದೆ. ಮೂರನ್ನೂ ಜೋಡಿಸುವ ಸರಳಿನ ಉದ್ದವನ್ನು ಹೊಂದಿಸಿ, ಕಾಗದದ ಪರೀಕ್ಷೆಯಲ್ಲಿ ಮೂರೂ ಸಮವಾಗಿ ಹಿಡಿಯುವವರೆಗೆ ಮುಂದುವರಿಯಬೇಡಿ. ಹಿಡಿ ಎಳೆದ ಮೇಲೆ ಅದು ಮಧ್ಯಬಿಂದುವನ್ನು ದಾಟಿ ತಾನಾಗಿ ನಿಲ್ಲುತ್ತದೆಯೇ ಎಂದೂ ನೋಡಿ. ಕೊಂಡಿಯ ಬೋಲ್ಟುಗಳ ಕೆಳಗೆ ಫೋಮ್ ಕುಸಿದಿದ್ದರೆ ಆ ಜಾಗದ ಫೋಮನ್ನು ಕೆರೆದು ತೆಗೆದು, ಫ್ಲಾಕ್ಸ್ ತುಂಬಿ, ಮೇಲೆ ನಾಲ್ಕು ಪದರ ಗಾಜು ಹಾಕಿ, ಅಗಲವಾದ ಅಲ್ಯೂಮಿನಿಯಂ ವಾಷರ್ ಕೊಡಿ.

ಚೌಕಟ್ಟಿನ ಕೆಲಸಕ್ಕೆ 25 ಡಿಗ್ರಿ ಆಸುಪಾಸಿನ ಹವೆ ಇರುವ ದಿನ ಆರಿಸಿಕೊಳ್ಳಿ. ಕ್ಯಾನಪಿಯನ್ನು ಕಳಚಿ, ಮೆತ್ತನೆಯ ತೊಟ್ಟಿಲಿನ ಮೇಲೆ ಮಗುಚಿ ಇಡಿ. ಬಿರುಕುಬಿಟ್ಟ ಮೈಕ್ರೋವನ್ನು ಪೂರ್ತಿ ಕೆರೆದು ತೆಗೆಯಿರಿ, ಫೋಮ್ ಕಂಡರೆ ಕಾಣಲಿ. ಒಳಚರ್ಮದ ಮೇಲೆ ಕನಿಷ್ಠ 50 ಮಿ.ಮೀ., ಚಾಚುಪಟ್ಟಿಯ ಮೇಲೆ ಅದರ ಪೂರ್ತಿ ಅಗಲ, ಹಳೆಯ ಗಾಜಿನ ಹೊಳಪು ಎಲ್ಲೂ ಉಳಿಯದಂತೆ ಒರಟು ಉಪ್ಪುಕಾಗದದಿಂದ ಉಜ್ಜಿ. ಆದರೆ ಹಳೆಯ ಎಳೆಗಳನ್ನು ಕಡಿಯುವಷ್ಟು ಉಜ್ಜಬೇಡಿ. ಮೂಲೆಯ ಸಂದಿಗೆ ಫ್ಲಾಕ್ಸ್ ತುಂಬಿ, ಬೆರಳಿನಿಂದ ಸುಮಾರು 6 ಮಿ.ಮೀ. ತ್ರಿಜ್ಯದ ದುಂಡು ಕೊಡಿ, ಏಕೆಂದರೆ ಗಾಜಿನ ಬಟ್ಟೆ ಚೂಪಾದ ಮೂಲೆಗೆ ಕೂರದೆ ಎದ್ದು ನಿಂತು ಕೆಳಗೆ ಗಾಳಿ ಸೇರಿಸಿಕೊಳ್ಳುತ್ತದೆ.

ಅದು ಹಸಿಯಿರುವಾಗಲೇ ಎರಡು ಪದರ ಬಿಡ್ ಬಟ್ಟೆಯನ್ನು (ಎಳೆಗಳನ್ನು ಎರಡೂ ದಿಕ್ಕಿಗೆ ನೇಯ್ದ ಗಾಜಿನ ಬಟ್ಟೆಯನ್ನು), ಎಳೆಗಳು ಚೌಕಟ್ಟಿನ ಉದ್ದಕ್ಕೆ 45 ಡಿಗ್ರಿ ಓರೆಯಾಗಿರುವಂತೆ ಕತ್ತರಿಸಿ ಹಾಸಿ. ತಿರುಚಿನ ಬಲ ಹರಿಯುವುದು ಓರೆ ದಿಕ್ಕಿನಲ್ಲೇ. ಮೊದಲ ಪದರಕ್ಕಿಂತ ಎರಡನೆಯದು ಒಳಚರ್ಮದ ಮೇಲೆ 25 ಮಿ.ಮೀ. ಹೆಚ್ಚು ಚಾಚಲಿ, ಆಗ ದಪ್ಪ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಕೊಂಡಿಗಳ ನಡುವಿನ ಭಾಗದಲ್ಲಿ ಬಾಗನ್ನು ತಡೆಯಲು ಚಾಚುಪಟ್ಟಿಯ ಉದ್ದಕ್ಕೆ ಎಳೆಗಳೆಲ್ಲ ಒಂದೇ ದಿಕ್ಕಿಗಿರುವ ಒಂದು ಯೂನಿ ಪಟ್ಟಿ ಸೇರಿಸಬಹುದು, ಅದರಾಚೆಗೆ ಬೇಡ. ಮೇಲೆ ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯುವ ಬಟ್ಟೆ) ಹಾಕಿ, ಹೆಚ್ಚಿನ ಎಪಾಕ್ಸಿಯನ್ನು ಒತ್ತಿ ತೆಗೆಯಿರಿ. ಬಿಡ್ ಪದರವೊಂದು ಎಪಾಕ್ಸಿಯೂ ಸೇರಿ ಚದರ ಮೀಟರಿಗೆ ಸುಮಾರು ಅರ್ಧ ಕೆ.ಜಿ. ಬರುತ್ತದೆ, 75 ಮಿ.ಮೀ. ಅಗಲದ ಪಟ್ಟಿ ಒಂದೂವರೆ ಮೀಟರ್ ಉದ್ದಕ್ಕೆ ಎರಡು ಪದರ ಹಾಕಿದರೂ ಒಟ್ಟು 120 ಗ್ರಾಂ ಮೀರುವುದಿಲ್ಲ.

ಇನ್ನು ನೀವು ಕೇಳಿದ ತಿರುಚಿನ ಪ್ರಶ್ನೆ. ವಿಮಾನದ ಒಡಲಿನ ಮೇಲೆ ಚೌಕಟ್ಟು ಕೂರುವ ಅಂಚಿಗೆ ಮೊದಲೇ ಪ್ಯಾಕಿಂಗ್ ಟೇಪ್ ಹಚ್ಚಿಟ್ಟಿರಿ. ಎಪಾಕ್ಸಿಯನ್ನು ನಿಧಾನವಾಗಿ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದರೆ ಸಾಕಷ್ಟು ಸಮಯ ಸಿಗುತ್ತದೆ. ಹಾಸು ಇನ್ನೂ ಹಸಿಯಾಗಿರುವಾಗಲೇ ಇಬ್ಬರು ಸೇರಿ ಕ್ಯಾನಪಿಯನ್ನು ಎತ್ತಿ ತಂದು, ಹಿಂಜ್ ಕಡ್ಡಿ ಸೇರಿಸಿ, ಮೂರೂ ಕೊಂಡಿಗಳನ್ನು ಹಾಕಿ ಮುಚ್ಚಿಬಿಡಿ. ಎಪಾಕ್ಸಿ ಗಟ್ಟಿಯಾಗುವಾಗ ತುಸು ಕುಗ್ಗಿ ಚೌಕಟ್ಟನ್ನು ಒಳಕ್ಕೆ ಎಳೆಯುತ್ತದೆ. ಒಡಲೇ ಅಚ್ಚಾಗಿ ನಿಂತರೆ ಆ ಎಳೆತ ಆಕಾರ ಕೆಡಿಸುವುದಿಲ್ಲ. ಒಂದು ದಿನವಲ್ಲ, ಎರಡು ದಿನ ಹಾಗೆಯೇ ಬಿಡಿ. ಬಳಿಕ ಮೆಲ್ಲಗೆ ಬಿಸಿಯೇರಿಸಿ ಹದಗೊಳಿಸುವುದಿದ್ದರೆ 50 ಡಿಗ್ರಿ ದಾಟಬೇಡಿ, ಆಗಲೂ ಕೊಂಡಿ ಹಾಕಿಯೇ ಇರಲಿ. ಅಕ್ರಿಲಿಕ್ ಮೆತ್ತಗಾಗುವುದು ಸುಮಾರು 100 ಡಿಗ್ರಿಗೆ ಎಂಬುದು ನಿಜವಾದರೂ, ಹೀಟರಿನ ಗಾಳಿ ನೇರವಾಗಿ ಬೀಳುವ ಕಡೆ ಆ ಬಿಸಿ ಬೇಗನೆ ಬಂದುಬಿಡುತ್ತದೆ.

ಗಟ್ಟಿಯಾದ ಮೇಲೆ ಪೀಲ್ ಪ್ಲೈ ಕಿತ್ತು, ಉದ್ದಕ್ಕೂ ನಾಣ್ಯದಿಂದ ಬಡಿಯುತ್ತಾ ಬನ್ನಿ. ಸದ್ದು ಮಂಕಾದ ಕಡೆ ಕೆಳಗೆ ಗಾಳಿ ಸೇರಿದೆ ಎಂದರ್ಥ. ಮೊದಲಿನ ಎರಡೂ ಅಳತೆಗಳನ್ನು ಮತ್ತೆ ಮಾಡಿ. ತಿರುಚಿನ 18 ಮಿ.ಮೀ. ಅರ್ಧಕ್ಕಿಂತ ಚೆನ್ನಾಗಿ ಕೆಳಗಿಳಿಯದಿದ್ದರೆ ಇನ್ನೆಲ್ಲೋ ತೆರಪು ಉಳಿದಿದೆ. ಆಗ ಮುಂದಿನ ಮತ್ತು ಹಿಂದಿನ ಕಮಾನುಗಳು ಪಕ್ಕದ ಚೌಕಟ್ಟಿಗೆ ಸೇರುವ ಮೂಲೆಗಳನ್ನು ಉಜ್ಜಿ ನೋಡಬೇಕು. ಸೀಲನ್ನು ಮತ್ತೆ ಹಾಕುವಾಗ ಬೆರಳಲ್ಲಿ ಒತ್ತಿದರೆ ಸುಲಭವಾಗಿ ಚಪ್ಪಟೆಯಾಗುವಂಥ ಮೆದು ರಬ್ಬರ್ ಆರಿಸಿ.


ಉತ್ತರ 3 (ವಿಮಾನ ಮೆಕ್ಯಾನಿಕ್, ಕ್ಯಾಲಿಫೋರ್ನಿಯಾ)

ಮೇಲಿನ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಕೆಲಸದ ಕ್ರಮದ ಬಗ್ಗೆ ನನ್ನದೇನೂ ತಕರಾರಿಲ್ಲ, ಬಿಟ್ಟುಹೋದ ಮೂರು ವಿಷಯಗಳನ್ನಷ್ಟೇ ಸೇರಿಸುತ್ತೇನೆ.

ಒಂದು, ಕಾಗದಪತ್ರ. ಮನೆಯಲ್ಲಿ ಕಟ್ಟಿದ ವಿಮಾನದ ಮೇಲೆ ಯಾರು ಬೇಕಾದರೂ ಕೆಲಸ ಮಾಡಬಹುದು, ಅದಕ್ಕೆ ಅಮೆರಿಕದ ನಿಯಮಗಳಲ್ಲಿ ಅಡ್ಡಿಯಿಲ್ಲ. ಆದರೆ ವಾರ್ಷಿಕ ಸ್ಥಿತಿ ತಪಾಸಣೆಗೆ ಸಹಿ ಹಾಕಲು ವಿಮಾನ ಕಟ್ಟಿದ ವ್ಯಕ್ತಿಗೆ ಕೊಡುವ ರಿಪೇರ್‌ಮನ್ ಪ್ರಮಾಣಪತ್ರ ಕೊಂಡವರಿಗೆ ಸಿಗುವುದಿಲ್ಲ. ನೀವು ಕೊಂಡವರಾದ್ದರಿಂದ ಎ ಆ್ಯಂಡ್ ಪಿ ಪರವಾನಗಿ (ವಿಮಾನದ ಒಡಲು ಮತ್ತು ಎಂಜಿನ್ ಕೆಲಸದ ಪರವಾನಗಿ) ಇರುವ ಮೆಕ್ಯಾನಿಕ್‌ಗೆ ಈ ಕೆಲಸವನ್ನು ಬಣ್ಣ ಬಳಿಯುವ ಮೊದಲೇ ತೋರಿಸಿ. ನಿಮ್ಮದು ಬಿಟ್ಟುಹೋದ ಕೂಡಿಕೆಯನ್ನು ಪೂರೈಸುವ ದುರಸ್ತಿ ಎಂದೇ ನನಗೆ ತೋರುತ್ತದೆ; ಆದರೂ ವಿಮಾನದ ಜೊತೆ ಕೊಟ್ಟಿರುವ ಕಾರ್ಯಾಚರಣೆ ಮಿತಿಗಳ ಹಾಳೆಯನ್ನು ಓದಿ. ದೊಡ್ಡ ಬದಲಾವಣೆ ಎಂದು ಪರಿಗಣಿತವಾದರೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ಸ್ಥಳೀಯ ಕಚೇರಿಗೆ ತಿಳಿಸಿ, ಕನಿಷ್ಠ 5 ಗಂಟೆ ಒಬ್ಬರೇ ಪರೀಕ್ಷಾ ಹಾರಾಟ ಮಾಡಬೇಕಾಗುತ್ತದೆ. ಎರಡರಲ್ಲಿ ಯಾವುದಾದರೂ ಲಾಗ್ ಪುಸ್ತಕದಲ್ಲಿ ಬರೆಯಲೇಬೇಕು.

ನಕ್ಷೆಯನ್ನು ಮೀರಿ ಹೋಗಬೇಡಿ ಎಂದು ಒತ್ತಿ ಹೇಳುವುದಕ್ಕೆ ಈ ವಿಮಾನದ ಇತಿಹಾಸದಲ್ಲೇ ಕಾರಣವಿದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಮಾಂಟೆರೇ ಕೊಲ್ಲಿಯಲ್ಲಿ ಬಿದ್ದು ತೀರಿಕೊಂಡದ್ದು ಇಂಥದ್ದೇ ಲಾಂಗ್-ಈಝೀ ವಿಮಾನದಲ್ಲಿ. ಇಂಧನ ಬದಲಿಸುವ ಕವಾಟವನ್ನು ಕಟ್ಟಿದವರು ನಕ್ಷೆಯಲ್ಲಿದ್ದ ಜಾಗದಿಂದ ಬದಲಿಸಿ ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು, ಅದನ್ನು ತಿರುಗಿಸಲು ಹೋದಾಗ ವಿಮಾನ ಹತೋಟಿ ತಪ್ಪಿತು ಎಂಬುದು ತನಿಖೆಯಿಂದ ತಿಳಿದುಬಂತು. ಸದುದ್ದೇಶದ ಸಣ್ಣ ಬದಲಾವಣೆಯೂ ಹಾರಾಟದ ಸಮಯದಲ್ಲಿ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಕ್ಯಾನಪಿ ಗಟ್ಟಿಗೊಳಿಸಲೆಂದು ನಡುವೆ ಅಡ್ಡಪಟ್ಟಿ ಹಾಕಿದವರನ್ನು ಕಂಡಿದ್ದೇನೆ. ನೆಲಕ್ಕೆ ಮಗುಚಿದ ವಿಮಾನದಿಂದ ಅಕ್ರಿಲಿಕ್ ಒಡೆದು ಹೊರಬರುವ ದಾರಿಗೆ ಅದು ನೇರ ಅಡ್ಡಿ. ನಿಮ್ಮ ದುರಸ್ತಿ ಅಂಚಿನಲ್ಲಷ್ಟೇ ಉಳಿಯುವುದರಿಂದ ಆ ದಾರಿ ತೆರೆದಿರುತ್ತದೆ. ಗುಮ್ಮಟ ಒಡೆಯುವ ಚಿಕ್ಕ ಸುತ್ತಿಗೆಯೊಂದನ್ನು ಕೈಗೆಟುಕುವ ಕಡೆ ಕಟ್ಟಿಡಿ.

ಎರಡು, ಸುರಕ್ಷಾ ಕೊಂಡಿ. ಮುಖ್ಯ ಕೊಂಡಿಗಳನ್ನು ಹಾಕದೆ ಮೇಲೇರಿದರೂ ಕ್ಯಾನಪಿ ಪೂರ್ತಿ ತೆರೆದುಕೊಳ್ಳದಂತೆ ತಡೆಯುವ ಎರಡನೆಯ ಹಿಡಿತ ಈ ವಿಮಾನಗಳಲ್ಲಿ ಇರಲೇಬೇಕು. ಕೊಂಡಿ ಹಾಕದಿದ್ದರೆ ಎಚ್ಚರಿಸುವ ಬಜರ್ ಸ್ವಿಚ್ಚೂ ಕೆಲಸ ಮಾಡುತ್ತಿರಬೇಕು. ಹೊಸ ಪದರಗಳಿಂದ ಚಾಚುಪಟ್ಟಿಯ ದಪ್ಪ ಅರ್ಧ ಮಿ.ಮೀ.ಗಿಂತ ಹೆಚ್ಚು ಬೆಳೆದಿರುತ್ತದೆ, ಆದ್ದರಿಂದ ಸುರಕ್ಷಾ ಕೊಂಡಿ ಈಗಲೂ ಪೂರ್ತಿ ಸಿಕ್ಕಿಕೊಳ್ಳುತ್ತದೆಯೇ, ಸ್ವಿಚ್ ಸರಿಯಾದ ಹಂತದಲ್ಲೇ ಒತ್ತಿಕೊಳ್ಳುತ್ತದೆಯೇ ಎಂಬುದನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಮುಖ್ಯ ಕೊಂಡಿಗಳನ್ನು ಬೇಕೆಂದೇ ಬಿಟ್ಟು, ಕ್ಯಾನಪಿಯನ್ನು ಒಳಗಿನಿಂದ ತಳ್ಳಿ, ಸುರಕ್ಷಾ ಕೊಂಡಿಯೊಂದೇ ಹಿಡಿದು ನಿಲ್ಲಿಸುವುದನ್ನು ಕಣ್ಣಾರೆ ನೋಡಿ.

ಮೂರು, ಪರೀಕ್ಷಾ ಹಾರಾಟ. ಬೆಳಗಿನ ನಿಶ್ಚಲ ಗಾಳಿಯಲ್ಲಿ, ಹಿಂದಿನ ಆಸನ ಖಾಲಿಯಿಟ್ಟು, ಸಡಿಲ ವಸ್ತು ಒಂದೂ ಇಲ್ಲದಂತೆ ನೋಡಿಕೊಂಡು ಹೊರಡಿ. ಮುಂದಿನ ಮತ್ತು ನಡುವಿನ ಕೊಂಡಿಗಳ ಮಧ್ಯೆ ಒಡಲಿನ ಒಳಗೋಡೆಗೆ ಒಂದು ಸ್ಕೇಲಿನ ತುಂಡು ಅಂಟಿಸಿ, ಚೌಕಟ್ಟಿನ ಮೇಲೆ ಅದರ ಎದುರಿಗೆ ಗೆರೆ ಎಳೆದು, ಅದನ್ನೇ ನೋಡುತ್ತಿರುವಂತೆ ಕ್ಯಾಮೆರಾ ಕೂರಿಸಿ. ನೀವು ಅತ್ತ ತಿರುಗಿ ನೋಡುವ ಅಗತ್ಯ ಬೀಳಬಾರದು. ವಿಮಾನ ನಿಲ್ದಾಣದ ಮೇಲೆಯೇ ಸುತ್ತುತ್ತಾ 100 ನಾಟ್‌ನಿಂದ ಹತ್ತು ಹತ್ತು ನಾಟ್ ಏರಿಸಿ, ಪ್ರತಿ ವೇಗದಲ್ಲೂ ಒಂದು ನಿಮಿಷ ನಿಂತು, ವೇಗವನ್ನು ಬಾಯಿಬಿಟ್ಟು ಹೇಳಿ, ಅದು ರೆಕಾರ್ಡ್ ಆಗಲಿ. ಮೊದಲ ಹಾರಾಟವನ್ನು 140 ನಾಟ್‌ಗೆ ನಿಲ್ಲಿಸಿ ಇಳಿಯಿರಿ. ಒಂದು ವೇಳೆ ಅಂಚು ಎದ್ದರೆ ಕೈಚಾಚಿ ಹಿಡಿಯಲು ಹೋಗಬೇಡಿ, ವಿಮಾನವನ್ನು ನೇರವಾಗಿ ಹಾರಿಸುವುದೇ ಮೊದಲ ಕೆಲಸ. ವೇಗ ಇಳಿದಂತೆ ಎಳೆತ ಅದರ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, 140ರಿಂದ 100 ನಾಟ್‌ಗೆ ಬಂದರೆ ಅರ್ಧದಷ್ಟಾಗುತ್ತದೆ. ಇಳಿದ ಮೇಲೆ ಎಂಜಿನ್ ನಿಲ್ಲಿಸಿ, ಕ್ಯಾನಪಿ ತೆರೆಯುವ ಮುನ್ನವೇ ಕಾಗದದ ಪಟ್ಟಿಯಿಂದ ಕೊಂಡಿಗಳ ಹಿಡಿತವನ್ನು ಇನ್ನೊಮ್ಮೆ ಪರೀಕ್ಷಿಸಲು ಪಟ್ಟಿಗಳನ್ನು ಹೊರಡುವಾಗಲೇ ಕೊಂಡಿಗಳ ಕೆಳಗೆ ಇಟ್ಟು ಹೋಗಿ. ಹಾರಾಟದಲ್ಲಿ ಹಿಡಿತ ಸಡಿಲವಾಗಿದ್ದರೆ ಅದು ತಿಳಿಯುವುದು ಆಗಲೇ, ಒಮ್ಮೆ ತೆರೆದು ಮತ್ತೆ ಹಾಕಿದ ಮೇಲೆ ತಿಳಿಯುವುದಿಲ್ಲ.